ಪೂರ್ಣಿ ಹೇಳಿದ ನಾಲ್ಕರಲ್ಲೊಂದು

ಎಲ್ಲಿ ಕೂತರೂ ಒಂದು ಚೌಕ ಗೀಚಿ ನಾಲ್ಕು ಮನೆ ಮಾಡದಿದ್ದರೆ ಪೂರ್ಣಿಯ ಕೈ ಸುಮ್ಮನಿರುತ್ತಿರಲಿಲ್ಲ. ಅಂಗಳದ ಮಣ್ಣಿನಲ್ಲಿ, ಹಿಟ್ಟು ಹರಡಿದ ಪರಾತದಲ್ಲಿ, ಬಸ್ ಟಿಕೆಟಿನ ಹಿಂದೆ. ಮೇಲೆ ತಾಯಿಯ ಎರಡು ಅಕ್ಷರ, ಪಕ್ಕಕ್ಕೆ ತಂದೆಯ ಎರಡು, ಮನೆಗಳೊಳಗೆ ಇನ್ನೂ ಹುಟ್ಟದ ಮಕ್ಕಳು. ಇಟ್ಟಿಗಿ ಊರಿನ ನನ್ನ ಸೋದರತ್ತೆಯ ಮಗಳು ಅವಳು. ತೊಂಬತ್ತರ ದಶಕದಲ್ಲಿ ದಿನಾ ಬಸ್ಸಿನಲ್ಲಿ ಹಡಗಲಿಗೆ ಹೋಗಿ ಪಿಯುಸಿ ಸೈನ್ಸ್ ಓದಿದಳು; ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ಲೆಕ್ಕ ಹಾಕುವ ಆ ಚೌಕ ಅಲ್ಲಿ ಕಲಿತದ್ದು. ನಾನೋ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕೊಟ್ಟೂರಿನಲ್ಲಿ ಕುರಿ ವ್ಯಾಪಾರ ಹಿಡಿದವನು.

ಒಮ್ಮೆ ಅವರ ಓಣಿಯ ದುರುಗಪ್ಪ ನನ್ನ ಮೇಲೆ ಏರಿ ಬಂದ. ನಾನು ಕೊಟ್ಟದ್ದು ಬಿಳಿ ಟಗರು, ಅವನದು ಬಿಳಿ ಕುರಿ, ಹುಟ್ಟಿದ್ದು ಕರಿ ಮರಿ!

"ಎಂಥಾ ಟಗರು ಗಂಟುಹಾಕಿದ್ಯಲೇ?"

ಪೂರ್ಣಿ ಅಡ್ಡ ಬಂದಳು. "ಕಾಕಾ, ಟಗರಿನೊಳಗೂ ಕರಿ ಅಡಗಿ ಕುಂತೈತಿ, ನಿಮ್ಮ ಕುರಿಯೊಳಗೂ ಕುಂತೈತಿ. ಬರೇ ಟಗರಿಗ್ಯಾಕ ಬೈತೀರಿ?"

ದುರುಗಪ್ಪ ತನ್ನ ಕುರಿಯನ್ನೇ ಅನುಮಾನದಿಂದ ನೋಡುತ್ತ ಹೋದ.

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಬುದ್ಧಿಮಾತು: ಬೇಕಾದದ್ದರ ಮುಂದೆ ಮುಖದಲ್ಲಿ ಆಸೆ ತೋರಿಸಬೇಡಿ. ಅವತ್ತು ನಾನೇ ತೋರಿಸಿಬಿಟ್ಟೆ.

"ಹಿರೇರೂ ಒಪ್ಯಾರ ಪೂರ್ಣಿ. ಈ ಬ್ಯಾಸಗಿಗೆ ಮದುವಿ ಮಾಡ್ಕೊಳ್ಳೂಣು."

ಅವಳು ಕೂತು ಚೌಕ ಗೀಚಿದಳು. ನನ್ನ ತಂಗಿ ನೀಲಾಗೆ ಹುಟ್ಟಿನಿಂದ ಕಿವಿ ಕೇಳದು. ಪೂರ್ಣಿಯ ತಮ್ಮನಿಗೂ ಹಾಗೇ.

"ಹೊರಗ ಕಾಣದಿದ್ರೂ ಅದು ನಮ್ಮಿಬ್ರೊಳಗೂ ಇರಬಹುದು ಮಾವಾ. ಇದ್ರ, ನಾಲ್ಕರಾಗ ಒಂದು ಕೂಸಿಗೆ ಕಿವಿ ಕೇಳಂಗಿಲ್ಲ."

ನಾನು ಚೌಕಾಸಿಗಿಳಿದೆ. "ಮೂರು ಚಲೋ ಅದಾವಲ್ಲ? ಮೂರಕ್ಕ ನಿಲ್ಲಿಸೂಣು."

"ಇದು ಕುರಿ ಸಂತಿ ಅಲ್ಲ. ಪ್ರತಿ ಹೆರಿಗಿಗೂ ಹೊಸದಾಗಿ ನಾಲ್ಕರಾಗ ಒಂದು. ಮೊದಲನೇದೇ ಆಗಬಹುದು. ಒಂದೂ ಆಗದನೂ ಇರಬಹುದು."

"ಆಗದ ಇರಬಹುದು ಅಂದ್ಯಲ್ಲ!"

"ಅಂದೆ. ಆದ್ರ ಧೈರ್ಯ ಇಲ್ಲ."

"ಮನಸ್ಸಿಲ್ಲಂದ್ರ ಹಂಗ ಹೇಳಿಬಿಡು."

"ಮನಸ್ಸಿಲ್ಲದಿದ್ರ ಇಷ್ಟು ಲೆಕ್ಕ ಯಾಕ ಹಾಕ್ತಿದ್ದೆ?"

ಆಗ ಸುಮ್ಮನೆ ಅವಳ ಪಕ್ಕ ಕೂರಬೇಕಿತ್ತು. ಸಂತೆಯಲ್ಲಿ ಸೋತವನ ಹಾಗೆ ಸಿಟ್ಟಿನಿಂದ ಎದ್ದು ಬಂದೆ. ವರ್ಷದೊಳಗೆ ನನಗೆ ಹರಪನಹಳ್ಳಿಯ ಹೆಣ್ಣು, ಅವಳಿಗೆ ಹೊಳೆಯಾಚೆಯ ಮುಂಡರಗಿಯ ಗಂಡು. ನನ್ನ ಹೆಂಡತಿ ಒಳ್ಳೆಯವಳು, ಮಕ್ಕಳಿಗೆ ಕಿವಿ ಚುರುಕು. ಆದರೂ ಇಟ್ಟಿಗಿ ಬಸ್ಸಿನ ಬೋರ್ಡು ಕಂಡರೆ ಇಂದಿಗೂ ಕಾಲು ನಿಲ್ಲುತ್ತದೆ.

ಎಷ್ಟೋ ವರ್ಷದ ಮೇಲೆ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಜೊತೆ ನೀಲಾ ಇದ್ದಳು. ನನಗೆ "ಆರಾಮದೀರೇನ್ರಿ?" ಅಂದದ್ದಷ್ಟೇ. ಉಳಿದ ಮಾತೆಲ್ಲ ನೀಲಾಳೊಂದಿಗೆ, ಕೈಸನ್ನೆಯಲ್ಲಿ, ನಮ್ಮ ಮನೆಯಲ್ಲಿ ಯಾರಿಗೂ ಬಾರದಷ್ಟು ಚುರುಕಾಗಿ. ಇಬ್ಬರೂ ನಕ್ಕರು. ಆಮೇಲೆ ಯಾಕೋ ಇಬ್ಬರ ಕೈಗಳೂ ನಿಂತವು. ಬಸ್ಸು ಬಂತು. ಪೂರ್ಣಿ ಕಣ್ಣೊರೆಸಿಕೊಂಡು ಹತ್ತಿದಳು. ಅದೇ ಕೊನೆ.

ಏನಂದಳು ಎಂದು ನೀಲಾಳನ್ನು ಸನ್ನೆಯಲ್ಲಿ ಕೇಳಿದೆ. ನನಗೆ ತಿಳಿಯಲೆಂದು ಅವಳು ನಿಧಾನವಾಗಿ ಕೈಯಾಡಿಸಿದಳು: 'ನಿನ್ನಂಥ ಮಗು ಹುಟ್ಟೀತೆಂದು ಹೆದರಿ ಮದುವೆ ಬೇಡವೆಂದೆ, ನಿನಗೆ ಸಿಟ್ಟೇನು' ಅಂತ ಪೂರ್ಣಿ ಕೇಳಿದಳು.

ನೀನೇನಂದೆ?

ಸಿಟ್ಟಿಲ್ಲ ಅಂದೆ. ಆದರೆ ಹುಟ್ಟಿದ್ದರೆ, ಮನೆಯಲ್ಲಿ ನನ್ನ ಜೊತೆ ಮಾತಾಡಲು ನೀನೂ ಆ ಮಗುವೂ ಇಬ್ಬರಿರುತ್ತಿದ್ದಿರಿ ಅಂದೆ.