ಅಂಗಳಕ್ಕೆ ಬಿದ್ದ ನೂಲು

ಮುಧೋಳದ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದಿತ್ತು. ನಮ್ಮ ಓಣಿಯ ಕಾಮಣ್ಣನ ಬಾಯಿ ಮಾತ್ರ ಬದಲಾಗಲಿಲ್ಲ. ಬೀರೇಶ್ವರನ ಗದ್ದಿಗೆಗೆ ವರ್ಷಕ್ಕೊಂದು ಕರಿಕಂಬಳಿ ಹಾಸುವುದು ನಮ್ಮ ಪದ್ಧತಿ, ಅದನ್ನು ನೇಯುವ ಮಾನ ಅವನದು. ಕಂಬಳಿಯ ಕೆಲಸದಲ್ಲಿ ನೂಲುವುದು ಹೆಂಗಸರ ಪಾಲು, ಮಗ್ಗ ಗಂಡಸರದು. ನೂಲು ಮನಸ್ಸಿಗೆ ಬರದಿದ್ದರೆ ಕಾಮಣ್ಣ ಉಂಡೆಯನ್ನು ಅಂಗಳಕ್ಕೆ ಎಸೆದು, ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಹೆಂಡತಿ ಮಾಯವ್ವ ಅದನ್ನು ಎತ್ತಿಕೊಂಡು ಬರುತ್ತಿದ್ದಳು. ನನ್ನನ್ನು ಕೇಳಿದರೆ, ಒಮ್ಮೆಯಾದರೂ ಅವನ ಮುಖಕ್ಕೇ ಎಸೆಯಬೇಕಿತ್ತು.

ಸೊಸೆ ಅನ್ನವ್ವ ಬಂದ ವರ್ಷ ಅವಳ ಉಂಡೆಯೂ ಅಂಗಳಕ್ಕೆ ಬಿತ್ತು. ನೆರೆಯವರು ನಕ್ಕರು. ಅವಳು ಒಳಗೆ ಹೋಗಿ ಅತ್ತಳು. ಆಮೇಲೆ ಅದೇ ಉಂಡೆ ಹಿಡಿದು ಮಗ್ಗದ ಹತ್ತಿರ ಬಂದು ನಿಂತಳು.

“ಕೆಟ್ಟೈತಿ ಅಂದ್ರಿ, ಖರೆ ಇರಬೇಕು ಮಾವಾರ. ಎಲ್ಲಿ ಕೆಟ್ಟೈತಿ, ತೋರಸ್ರಿ.”

ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. ಕಾಮಣ್ಣ ತಬ್ಬಿಬ್ಬಾದ. ಎಳೆಯನ್ನು ಅವಳ ಬೆರಳಿಗೆ ಕೊಟ್ಟು, “ಇಲ್ಲಿ ನೋಡು, ಹುರಿ ಸಡಿಲ ಐತಿ. ಎಳದ್ರ ಹರೀತೈತಿ,” ಎಂದ. ಅನ್ನವ್ವ ಅದನ್ನು ಮರೆಯಲಿಲ್ಲ.

ಕೆಲವು ವರ್ಷಗಳಲ್ಲಿ ಕಾಮಣ್ಣನ ಕಣ್ಣು ಮಂಜಾಯಿತು. ಕರಿ ಉಣ್ಣೆಯಲ್ಲಿ ಹರಿದ ಎಳೆ ಕಾಣದೆ ಕಂಬಳಿಯಲ್ಲಿ ಸಂದು ಬೀಳತೊಡಗಿತು. ಕೊಳ್ಳುವವರು ಸದ್ದಿಲ್ಲದೆ ಬೇರೆ ಮಗ್ಗಕ್ಕೆ ಹೋದರು. ಓಣಿಗೆಲ್ಲ ಗೊತ್ತಿತ್ತು, ಅವನ ಬಾಯಿಗೆ ಹೆದರಿ ಯಾರೂ ಹೇಳಲಿಲ್ಲ. ಆ ಸಲ ಗದ್ದಿಗೆಯ ಕಂಬಳಿಯೂ ಹಾಗೇ ಆಯಿತು. ಅದು ಗುಡಿಯ ಹಿರಿಯರ ಕೈ ಸೇರಿದರೆ ಇಷ್ಟು ವರ್ಷದ ಮಾನ ಹೋಗುವುದು ಖಂಡಿತ.

ಹೊರಗಿನವರಿಲ್ಲದ ಹೊತ್ತು ನೋಡಿ ಅನ್ನವ್ವ ಬಾಗಿಲು ಹಾಕಿದಳು. ಮಾವನ ಬೆರಳು ಹಿಡಿದು ಸಂದಿನ ಮೇಲಿಟ್ಟಳು.

“ಇಲ್ಲಿ ಎಳಿ ಹರದಾವ್ರಿ ಮಾವಾರ. ಇಲ್ಲೂ ಹರದಾವು. ಉಳಿದ ನೇಯ್ಗಿ ಮೊದಲಿನಂಗ ಗಟ್ಟಿ ಐತಿ.”

ಬೆರಳು ಆಚೆ ತೂರಿತು. ಕಾಮಣ್ಣ ಬಹಳ ಹೊತ್ತು ಅದನ್ನು ಹಿಂದಕ್ಕೆ ತೆಗೆಯಲಿಲ್ಲ.

“ಮಂದಿಗೂ ಗೊತ್ತೈತೇನು?”

“ಗೊತ್ತೈತ್ರಿ.”

ಅವನು ಮೂಲೆಯಲ್ಲಿ ನೂಲುತ್ತಿದ್ದ ಹೆಂಡತಿಯ ಕಡೆ ತಿರುಗಿದ. “ನನಗ ಹೇಳಾಕ ಏನಾಗಿತ್ತು?”

“ಹೇಳಿದ್ರ ಕೇಳೋರೇನು ನೀವು?” ಎಂದಳು ಮಾಯವ್ವ.

ಬೈಗುಳ ಬರುತ್ತದೆಂದು ಇಬ್ಬರೂ ಕಾದರು. ಬರಲಿಲ್ಲ. ಅವನು ಹೊಸ ಕಂಬಳಿಗೆ ಮಗ್ಗ ಹೂಡಿದ. “ಅನ್ನವ್ವಾ, ಎದುರಿಗೆ ಕೂಡು. ಎಳಿ ಹರದ್ರ ಹೇಳು,” ಎಂದ. ಮಗ್ಗದ ಮುಂದೆ ಹೆಣ್ಣುಮಗಳು ಕೂತದ್ದು ನಮ್ಮ ಓಣಿಯಲ್ಲಿ ಅದೇ ಮೊದಲು.

ಗುಡಿಯಲ್ಲಿ ಹಿರಿಯ ಅಮಸಿದ್ದಪ್ಪ ಆ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿ ತಲೆದೂಗಿದ.

“ಕೈ ನಂದು, ಕಣ್ಣು ನನ್ನ ಸೊಸೀದು,” ಎಂದ ಕಾಮಣ್ಣ, ಬೈಯುವಾಗಿನ ಅದೇ ದೊಡ್ಡ ದನಿಯಲ್ಲಿ. “ಆಕಿ ನೂಲೂ ಭಾಳ ಛಲೋ ಐತಿ.”

ಮಂದಿ ಮೆಚ್ಚಿದರು. ಅನ್ನವ್ವ ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು, “ಅರ್ಧ ನೂಲು ಅತ್ತಿಯವರದು, ಮಾವಾರ.”

ಕಾಮಣ್ಣ ಮಂಜುಗಣ್ಣಿನಿಂದ ಎದುರಿನ ಗುಂಪಿನಲ್ಲೆಲ್ಲ ಹೆಂಡತಿಯನ್ನು ಹುಡುಕಿದ. ಸಿಗಲಿಲ್ಲ.

“ಮಾಯವ್ವಾ, ಎಲ್ಲಿ ಅದೀ?” ಎಂದು ಕೂಗಿದ.

ಅವಳು ಅವನ ಬೆನ್ನ ಹಿಂದೆಯೇ ನಿಂತಿದ್ದಳು.