ಹಾಲ್‌ನಲ್ಲಿ ಅವ್ವನ ಜಾಗ

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಮರದ ನೆಲದ ಹುಚ್ಚು ಹಿಡಿಯಿತು. ನಾನು ಕೆಲಸಕ್ಕಿದ್ದ ಪೀಣ್ಯದ ಫ್ಯಾಕ್ಟರಿಯವರು ಹಳೇ ಗೆಸ್ಟ್‌ಹೌಸ್ ಕೆಡವಿ, ಅದರ ನೆಲಕ್ಕೆ ಹಾಸಿದ್ದ ತೇಗದ ಹಲಗೆಗಳನ್ನು ಹರಾಜಿಗಿಟ್ಟಿದ್ದರು. ಪರದೇಶದ ಇಂಜಿನಿಯರುಗಳು ಬೂಟು ಹಾಕಿ ಓಡಾಡಿದ ನೆಲ! ಬಾಗಲಗುಂಟೆಯಲ್ಲಿ ಇನ್ಯಾವನ ಮನೆಗಿದೆ? ಲಾರಿಯಲ್ಲಿ ಹೇರಿಸಿಕೊಂಡು ಬಂದೆ.

ಅವ್ವ ಲಾರಿಗೆ ಅಡ್ಡ ನಿಂತಳು.

“ಇದ್ನ ಆಸ್ಬುಟ್ರೆ ನನ್ನ ಎಲ್ಲಿಗ್ಲಾ ಇಳಿಸ್ತೀಯ?”

ಪ್ರಾಣ ಹೋಗುವವರನ್ನು ಮಂಚದಿಂದ ನೆಲಕ್ಕಿಳಿಸುವುದು ನಮ್ಮಲ್ಲಿ ಪದ್ಧತಿ. ಭೂಮಿ ತಾಗದೆ ಸತ್ತರೆ ಸದ್ಗತಿಯಿಲ್ಲ ಎಂದು ಅವಳು ನಂಬಿದ್ದಳು. ಆಗ ಅವಳೇನು ಸಾಯುವ ಸ್ಥಿತಿಯಲ್ಲಿರಲಿಲ್ಲ. ದಿನಕ್ಕೆ ನಾಲ್ಕು ಮುದ್ದೆ ನುಂಗಿ, ನಲ್ಲಿ ನೀರಿಗೆ ಬಾಡಿಗೆಯವರ ಜೊತೆ ಜಗಳವಾಡಿ ಗೆದ್ದು ಬರುತ್ತಿದ್ದಳು.

“ಹಲ್ಗೆ ಮೇಲೇ ಇಳಿಸಿದ್ರಾಯ್ತು ಬಿಡವ್ವ.”

“ಅದ್ರ ಕೆಳ್ಗೆ ಗಾಳಿ ಐತೆ ಕಣ್ಲಾ. ಗಾರೆ ಆದ್ರೆ ಕೆಳ್ಗೆ ಭೂಮ್ತಾಯಿ ಅವ್ಳೆ. ನನ್ನ ಅಟ್ಟದ್ ಮ್ಯಾಲೆ ಸಾಯಿಸ್ತೀಯಾ?”

ನನಗೆ ಪಿತ್ತ ನೆತ್ತಿಗೇರಿತು. ಎಂದೋ ಸಾಯುವುದಕ್ಕೆ ಇವತ್ತೇ ತಕರಾರೇ ಎಂದು ಕೂಗಾಡಿದೆ. ಅವಳು ಚಾಪೆ ಸುತ್ತಿಕೊಂಡು ಹಸುವಿನ ಕೊಟ್ಟಿಗೆಗೆ ಹೋಗಿ ಕೂತುಬಿಟ್ಟಳು. ಮೂರು ದಿನ ಊಟವೂ ಅಲ್ಲಿಗೇ ಹೋಯಿತು.

“ಒಂದು ತುಂಡು ನೆಲ ಹಂಗೇ ಬಿಟ್ಬಿಡಿ ಅತ್ಲಾಗೆ, ಬೀದಿಯೆಲ್ಲಾ ನಗ್ತಿದೆ” ಎಂದಳು ಹೆಂಡತಿ. ಸೋತೆ.

ಆಚಾರಿ ಟೇಪು ತಂದ. ಅವ್ವ ಹಾಲ್‌ನ ಕೆಂಪು ಗಾರೆಯ ಮೇಲೆ ಅಂಗಾತ ಮಲಗಿ ಸೆರಗು ಸರಿಮಾಡಿಕೊಂಡಳು.

“ತಲೆ ಯಾವ ಕಡೆ ಬರುತ್ತಮ್ಮ?” ಬೀರು ಎಲ್ಲಿಡಬೇಕೆಂದು ಕೇಳುವ ಧಾಟಿಯಲ್ಲಿ ಕೇಳಿದ.

“ತೆಂಕ್ಲಾಗೆ. ಕಾಲ್ತಾವ ವಸಿ ಜಾಸ್ತಿ ಬುಡು. ಸಾಯೋವಾಗ ಇಕ್ಕಟ್ಟಾಗ್ಬಾರ್ದು.”

ಅವನು ಅವಳ ಸುತ್ತ ಸೀಮೆಸುಣ್ಣದ ಗೆರೆ ಎಳೆದ. ಅಷ್ಟು ಬಿಟ್ಟು ಉಳಿದದ್ದಕ್ಕೆಲ್ಲ ಹಲಗೆ ಬಂತು.

ಪಾಲಿಶ್ ಮಾಡಿದ ತೇಗದ ನಡುವೆ ಮೂರು ಬೆರಳು ತಗ್ಗಿನಲ್ಲಿ ಒಂದು ಕೆಂಪು ಗುಂಡಿ! ಬಂದವರೆಲ್ಲ ಎಡವಿದರು. ನಮ್ಮ ಸೂಪರ್‌ವೈಸರ್ ಕಾಫಿ ಲೋಟದ ಸಮೇತ ಮುಗ್ಗರಿಸಿ “ಏನ್ರೀ ಇದು?” ಎಂದರು. “ಗಾಳಿ ಆಡೋಕೆ ಸಾರ್” ಎಂದೆ. ಅವ್ವ ಮಾತ್ರ ಮಧ್ಯಾಹ್ನದ ಹೊತ್ತು ಅದರಲ್ಲಿ ಮಲಗಿ ಅಭ್ಯಾಸ ಮಾಡುತ್ತಿದ್ದಳು. ಪಕ್ಕದ ಮನೆ ಮುದುಕಿಗೆ ಹೊಟ್ಟೆಕಿಚ್ಚು.

“ನಮ್ಮನೇಲಿ ಮೊಸಾಯಿಕ್ ಆಕ್ಬುಟ್ಟವ್ರೆ ಕಣಕ್ಕ. ನಂಗೂ ಇಲ್ಲೇ ಜಾಗ ಕೊಡು.”

“ಮೊದ್ಲು ನಂದಾಗ್ಲಿ, ಆಮ್ಯಾಕೆ ನೋಡಾನ.”

ಎರಡು ವರ್ಷ ಅವಳದ್ದಾಗಲಿಲ್ಲ. ಅಷ್ಟರಲ್ಲಿ ಟಿವಿ ಬಂತು. ಯಾರು ನಡೆದರೂ ಹಲಗೆ ಅದುರಿ ಚಿತ್ರ ಕುಣಿಯುತ್ತಿತ್ತು. ಅಲುಗಾಡದ ಜಾಗ ಹಾಲ್‌ನಲ್ಲಿ ಅವ್ವನ ಗುಂಡಿಯೊಂದೇ. ಟಿವಿಯನ್ನು ಅಲ್ಲಿಟ್ಟೆವು. “ನಾನ್ ಓಗೋವಾಗ ಎತ್ತಿಟ್ರಾಯ್ತು” ಎಂದು ಅವ್ವ ಒಪ್ಪಿದಳು.

ಒಂದು ಬೆಳಿಗ್ಗೆ ನಿಜಕ್ಕೂ ಹೊರಟಳು. ಡಾಕ್ಟರು ಕೈಚೆಲ್ಲಿ ಹೋಗಿದ್ದರು. ನಾನು ಅವಳನ್ನು ಎತ್ತಿಕೊಂಡು ನಿಂತಿದ್ದೆ; ನಾಲ್ಕು ಜನ ಟಿವಿ ಸರಿಸುತ್ತಿದ್ದರು, ಆಂಟೆನಾ ವೈರು ಕಿಟಕಿಯ ಸರಳಿಗೆ ಸಿಕ್ಕಿಹಾಕಿಕೊಂಡಿತ್ತು. ಅವ್ವ ಕಣ್ಣು ಬಿಟ್ಟಳು.

“ಮೆಲ್ಲುಗ್ರೋ, ಒಡ್ದೋದಾತು.”

ಅಳುತ್ತಿದ್ದವರೂ ನಕ್ಕುಬಿಟ್ಟರು. ದೇವರಾಣೆ, ನಾನೂ ನಕ್ಕೆ.

ಅಂತೂ ಇಳಿಸಿದೆವು. ಗಾರೆ ತಾಗಿದ್ದೇ ಅವಳ ಮೈ ನಡುಗತೊಡಗಿತು.

“ಸೀತ ಕಣ್ಲಾ. ಅಲ್ಗೆ ಮ್ಯಾಕೆ ಆಕು.”

“ಅರಳುಮರಳು. ಅಲುಗಿಸ್ಬೇಡ” ಎಂದ ಅವ್ವನ ತಮ್ಮ.

ಏನು ಅರಳುಮರಳು? ನಮ್ಮವ್ವನ ದನಿ ನನಗೆ ಗೊತ್ತಿಲ್ಲವೇ? “ಎತ್ರೋ!” ಎಂದು ಮನೆ ಹಾರಿಹೋಗುವಂತೆ ಅರಚಿದೆ. ಎತ್ತಿ ಹಲಗೆಯ ಮೇಲೆ ಮಲಗಿಸಿದೆವು. ಅವಳು ಅಂಗೈಯಲ್ಲಿ ಮರವನ್ನು ನಿಧಾನಕ್ಕೆ ಸವರಿದಳು.

“ಬೆಚ್ಚುಗೈತೆ. ಚೆನ್ನಾಗ್ ಮಾಡ್ಸಿದ್ಯಾ ಕಣ್ಮಗಾ.”

ಆ ನೆಲಕ್ಕೆ ಅವ್ವನಿಂದ ಒಂದು ಒಳ್ಳೆಯ ಮಾತು ಬರಲೆಂದು ಎರಡು ವರ್ಷ ಹಲ್ಲು ಕಚ್ಚಿ ಕಾದಿದ್ದವನು ನಾನು. ಬಂದಾಗ ಅವಳ ಕೈ ಹಿಡಿದುಕೊಂಡು, ಬೈಯವ್ವ, ಇನ್ನೊಂದು ಸಲ ಬೈಯಿ ಎಂದು ಅಂಗಲಾಚಿದೆ.