ಹೀಟರ್ ಹಾಕಿದರೆ ಒಂಬತ್ತು ಕಿಲೋಮೀಟರ್ ಮಾಯ

ಗೆಳೆಯರೇ, ಹೊಸ ಕಾರು ಹತ್ತುವ ಮುಂಚೆ ಮಂಕಿ ಕ್ಯಾಪ್ ಹಾಕಿಕೊಳ್ಳುವವರು ಈ ಪರದೇಶದ ನಮ್ಮ ಇಡೀ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿ ನಾವೊಬ್ಬರೇ ಇರಬೇಕು. ಈ ಕಾರು ಮೊದಲು ಕರೆಂಟಿನಲ್ಲಿ ಓಡುತ್ತದೆ, ಅದು ಮುಗಿದರೆ ಪೆಟ್ರೋಲಿನಲ್ಲಿ. ಇಲ್ಲಿ ಜುಲೈ ಅಂದರೆ ನಡುಚಳಿಗಾಲ; ಇವತ್ತು ಬೆಳಿಗ್ಗೆ ಚಳಿ ತಡೆಯಲಾರದೆ ನಾನು ಹೀಟರ್ ಹಾಕಿದೆ. ಕರೆಂಟಿನಲ್ಲಿ ಇನ್ನೆಷ್ಟು ದೂರ ಹೋಗಬಹುದೆಂದು ತೋರಿಸುವ ಪರದೆಯಲ್ಲಿ ನಲವತ್ತೆರಡು ಇದ್ದದ್ದು ಮೂವತ್ಮೂರಕ್ಕೆ ಇಳಿಯಿತು.

"ಆಫ್ ಮಾಡೇ! ಒಂಬತ್ತು ಕಿಲೋಮೀಟರ್ ಹೋಯ್ತು!" ನಮ್ಮ ಯಜಮಾನರು ಪರ್ಸ್ ಕಳೆದುಕೊಂಡವರಂತೆ ಕೂಗಿದರು.

"ಅದು ಬರೀ ಅಂದಾಜು ಕಣ್ರೀ. ಮುಗಿದ್ರೆ ಪೆಟ್ರೋಲ್ ಇದೆಯಲ್ಲ?"

"ಪೆಟ್ರೋಲ್ ಸುಡೋಕಾ ಈ ಕಾರ್ ತಗೊಂಡಿದ್ದು?"

ಹಿಂದಿನ ಸೀಟಿನಿಂದ ಮಗಳು, "ಡ್ಯಾಡ್, ಐ ಕಾಂಟ್ ಫೀಲ್ ಮೈ ಟೋಸ್," ಅಂದಳು. ಇವರು ತಮ್ಮ ಶಾಲು ತೆಗೆದು ಅವಳಿಗೆ ಕೊಟ್ಟರು. ಹೀಟರ್ ಮಾತ್ರ ಹಾಕಲಿಲ್ಲ.

ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ವಾಪಸ್ ಬಂದಾಗ ಪರದೆಯಲ್ಲಿ ಇನ್ನೂ ಹನ್ನೊಂದು ಉಳಿದಿತ್ತು. "ನೋಡಿದ್ಯಾ, ಹೇಗೆ ಉಳಿಸಿದೆ!" ಎಂದು ಬೀಗಿದರು. ಕಾರನ್ನು ಚಾರ್ಜಿಗೆ ಹಾಕಿ, ನಡುಗುತ್ತಾ ಒಳಗೆ ಬಂದವರು ಮನೆಯ ಹೀಟರನ್ನು ಕೊನೆಯವರೆಗೂ ತಿರುಗಿಸಿ ಅದರೆದುರೇ ಕುಳಿತಿದ್ದಾರೆ. ಪುಣ್ಯಕ್ಕೆ ಅದಕ್ಕೆ ಪರದೆಯಿಲ್ಲ.